ಅಕ್ಕನ ಪಕ್ಕದ ಜಾಗ

ಹನ್ನೊಂದನೇ ದಿನ ಕಾಗೆ ಕೆಳಗಿಳಿಯಲಿಲ್ಲ.

ಕಾಗೆಗಳಿಗೇನೂ ಬರವಿರಲಿಲ್ಲ. ಹೊಲದ ಬದುವಿನ ಹೊಂಗೆಮರದಲ್ಲಿ ಮೂರು ಕೂತಿದ್ದವು. ಕೆಳಗೆ ಬಾಳೆಲೆಯ ಮೇಲೆ ಸತ್ತವನಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿಟ್ಟಿದ್ದರು: ರಾಗಿಮುದ್ದೆ, ನಾಟಿಕೋಳಿ ಸಾರು, ಹೊಸೂರಿನ ಬೇಕರಿಯಿಂದ ತರಿಸಿದ ದಿಲ್‌ಪಸಂದ್. ಪಕ್ಕದ ಊರು ತಳಿಯ ಕಡೆಯ ಚಳಿಗಾಳಿಗೆ ಸಾರಿನ ಮೇಲೆ ಎಣ್ಣೆ ಹೆಪ್ಪುಗಟ್ಟುತ್ತಿತ್ತು. ಇಪ್ಪತ್ತನಾಲ್ಕು ವರ್ಷದ ಹುಡುಗನ ತಿಥಿ ಅದು. ನೆಂಟರು, ಊರಿನವರು ಹಿಂದೆ ಸರಿದು ನಿಂತು ಮರವನ್ನೇ ನೋಡುತ್ತಿದ್ದರು. ಅರ್ಧ ಗಂಟೆಯಾಯಿತು, ಮುಕ್ಕಾಲು ಗಂಟೆಯಾಯಿತು, ಕಾಗೆಗಳು ತಮ್ಮ ರೆಕ್ಕೆಯನ್ನೇ ಕೆದಕಿಕೊಂಡು ಕೂತವು.

ಊರಿನ ಸಾವು ಮದುವೆಗಳಿಗೆಲ್ಲ ಮುಂದೆ ನಿಲ್ಲುವ ದಾಸಪ್ಪ ಗಂಟಲು ಸರಿಮಾಡಿಕೊಂಡ. "ಹುಡ್ಗುಂದು ಏನೋ ಆಸೆ ಉಳ್ಕಂಡೈತೆ. ಏನಂತ ನೆನುಸ್ಕಂಡು ಮಾತು ಕೊಡ್ರಪ್ಪ. ಮಾತು ಕೊಡೋಗಂಟ ಅದು ಇಳಿಯಾಕಿಲ್ಲ."

ಅಪ್ಪ ದೊಡ್ಡಣ್ಣ ಕೈಮುಗಿದು, "ನಿನ್ ಗಾಡೀನ ಗುಜರಿಗೆ ಹಾಕಾಕಿಲ್ಲ ಕಣಪ್ಪಾ" ಅಂದ. ಕಾಗೆ ಅಲುಗಲಿಲ್ಲ. ಸೋದರಮಾವ ಗೋಪಾಲಪ್ಪ ಮುಂದೆ ಬಂದು, "ನಿಮ್ಮವ್ವನ್ನ ನನ್ ಕೊನೇಗಂಟ ನಾನು ನೋಡ್ಕತೀನಿ ಕಣ್ಲಾ" ಎಂದು ಎದೆ ಮುಟ್ಟಿಕೊಂಡ. ಗೋಪಾಲಪ್ಪ ಕಳೆದ ಆರು ವರ್ಷಗಳಲ್ಲಿ ತಂಗಿಯ ಮನೆಗೆ ಎರಡು ಸಲ ಬಂದಿದ್ದ. ಅವನ ಮಾತನ್ನು ಕಾಗೆಯೂ ನಂಬಲಿಲ್ಲ.

ಸುಧಾ ಹೆಂಗಸರ ಹಿಂದೆ ನಿಂತಿದ್ದಳು. ಅವಳು ಸತ್ತ ಹುಡುಗ ರಾಮುವಿನ ಅಕ್ಕ, ಅವನಿಗಿಂತ ಆರು ವರ್ಷ ದೊಡ್ಡವಳು. ತಮ್ಮನ ಯಾವ ಆಸೆ ಉಳಿದಿದೆ, ಅದು ಯಾರಿಂದ ಉಳಿಯಿತು ಎಂಬುದು ಆ ಗುಂಪಿನಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಕಾಗೆ ತನ್ನ ಬಾಯಿಂದಲೇ ಮಾತು ಬರಲಿ ಎಂದು ಕಾಯುತ್ತಿದೆ ಎಂದು ಅವಳಿಗೆ ಖಂಡಿತವಾಗಿ ಅನ್ನಿಸಿತು. ಬಾಯಿ ಮಾತ್ರ ಬರಲಿಲ್ಲ. ಊರಿಗೆಲ್ಲ ಬಾಯಿ ಜೋರು ಎಂದು ಹೆಸರಾದ ಹೆಂಗಸು, ಅವತ್ತು ಮೂಗಿಯ ಹಾಗೆ ನಿಂತಳು.

ಮಾತಾಡಿದವನು ಮುರಳಿಕೃಷ್ಣ. ಹೊಸೂರಿನ ಒಂದು ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುವ ಹುಡುಗ, ರಾಮುವಿನ ಆಟದ ಗೆಳೆಯ. ಇಂಥ ಕಾರ್ಯಗಳಲ್ಲಿ ಎಲ್ಲಿ ನಿಲ್ಲಬೇಕು ಎಂದು ತಿಳಿಯದೆ ಆಗಿನಿಂದ ಜಾಗ ಬದಲಿಸುತ್ತಿದ್ದ. "ನಾನು ಹೇಳಬಹುದೋ ಇಲ್ಲವೋ ಗೊತ್ತಿಲ್ಲ," ಎಂದು ಶುರುಮಾಡಿದ. "ಫೋನ್‌ನಲ್ಲಿ ಒಂದು ಆಟ ಆಡ್ತಿದ್ವಿ. ಪ್ರಾಣಿಗಳನ್ನ ಸಾಕಿ ಕಾಳಗಕ್ಕೆ ಬಿಡೋ ಆಟ. ಇನ್ನು ಮೂರು ತಿಂಗಳಿಗೆ ಹೊಸೂರಲ್ಲಿ ಪಂದ್ಯ ಇದೆ. ರಾಮು ಎರಡು ವರ್ಷದಿಂದ ಅದಕ್ಕೇ ಟೀಮ್ ಕಟ್ತಿದ್ದ. ಆರು ಬೇಕು. ಒಂದು ಹೋಗ್ಬಿಟ್ಟು ಐದೇ ಉಳಿದಿತ್ತು."

ನಾಲ್ಕು ಜನ ಮುಖ ಮುಖ ನೋಡಿಕೊಂಡರು. ಸತ್ತವನ ಆಸೆ ಎಂದರೆ ತಂಗಿಯ ಮದುವೆ, ಮನೆಗೆ ಆರ್‌ಸಿಸಿ, ಇಂಥದ್ದನ್ನು ಅವರು ಕೇಳಿದ್ದರು. ದಾಸಪ್ಪ ಬೈಯುವುದಕ್ಕೆ ಬಾಯಿ ತೆರೆಯುವಷ್ಟರಲ್ಲಿ ತಾಯಿ ಗೋವಿಂದಮ್ಮ, ಉಳುಕಿದ ಕಾಲನ್ನು ಚಾಚಿಕೊಂಡು ನೆಲದ ಮೇಲೆ ಕೂತಿದ್ದವಳು, ಮರದ ಕಡೆ ಮುಖವೆತ್ತಿ ಕೂಗಿದಳು. "ನಮ್ ಸುಧಾ ಆಡ್ತಾಳೆ ಕಣಪ್ಪಾ! ಆರ್ನೇದನ್ನ ಹುಡುಕಿ, ನಿನ್ ಪಂದ್ಯಕ್ಕೆ ಕರ್ಕಂಡ್ಹೋಗಿ ಆಡ್ತಾಳೆ! ಬಾರಪ್ಪ, ಉಣ್ಣು ಬಾ!"

ಒಂದು ಕಾಗೆ ಇಳಿದು ಬಂತು. ಮುದ್ದೆಯನ್ನು ಮೂಸಿ, ಬಿಟ್ಟು, ದಿಲ್‌ಪಸಂದ್‌ಗೆ ಕೊಕ್ಕು ಹಾಕಿತು. ಹಸಿವಾಗಿತ್ತೋ, ಮಾತು ಕೇಳಿಸಿತೋ, ಕಾಗೆಯನ್ನು ಕೇಳಿದವರು ಯಾರು? ಗೋವಿಂದಮ್ಮ ನೆಲಕ್ಕೆ ಹಣೆ ಹಚ್ಚಿ ಅತ್ತಳು. ಸುಧಾ ಆ ಕಾಗೆಯನ್ನೇ ನೋಡುತ್ತ, ತನ್ನ ಕುತ್ತಿಗೆಗೆ ಯಾರೋ ಹಗ್ಗ ಹಾಕಿದಂತೆ ನಿಂತಿದ್ದಳು.

ಅವಳು ಮಾಡಿದ್ದು ಇಷ್ಟು.

ಅವರ ಊರಿನಲ್ಲಿ ನೆಟ್‌ವರ್ಕ್ ಸಿಗುವುದು ಹೊಲದ ಮೇಲಿನ ಹಾಸುಬಂಡೆಯ ಮೇಲೆ ಮಾತ್ರ. ರಾಮು ಗುಲಾಬಿ ಪಾಲಿಹೌಸಿನ ಕೆಲಸ ಮುಗಿಸಿ ಬಂದವನೇ ಅಲ್ಲಿಗೆ ಹತ್ತುತ್ತಿದ್ದ. ಅವನು ಸಾಯುವ ಹಿಂದಿನ ದಿನ ಸಂಜೆ ಗೋವಿಂದಮ್ಮ ಕೊಟ್ಟಿಗೆಯಲ್ಲಿ ಜಾರಿ ಬಿದ್ದಳು. ಸುಧಾ ಅಂಗಳದಲ್ಲಿ ನಿಂತು ತಮ್ಮನನ್ನು ಗಂಟಲು ಹರಿಯುವಂತೆ ಕೂಗಿದಳು. ಉತ್ತರವಿಲ್ಲ. ತಾಯಿಯನ್ನು ಗೋಡೆಗೆ ಒರಗಿಸಿ, ಉರಿಯುತ್ತ ಬಂಡೆ ಹತ್ತಿ ನೋಡಿದರೆ ಫೋನ್ ಒಂದೇ ಇತ್ತು. ಅವನು ತಪ್ಪಿಸಿಕೊಂಡ ಕರುವಿನ ಹಿಂದೆ ಆಚೆ ಇಳಿಜಾರಿಗೆ ಹೋಗಿದ್ದ, ಅದು ಅವಳಿಗೆ ಆಮೇಲೆ ತಿಳಿದದ್ದು. ಫೋನಿನಲ್ಲಿ ಆರು ಪ್ರಾಣಿಗಳು ಸಾಲಾಗಿ ನಿಂತು ಮೈ ಅಲ್ಲಾಡಿಸುತ್ತಿದ್ದವು. ಬೇಡದ ಪ್ರಾಣಿಯನ್ನು ಕಾಡಿಗೆ ಬಿಡುವ ಗುಂಡಿ ಯಾವುದು, ಬಿಟ್ಟರೆ ಅದು ಮತ್ತೆ ಬರುವುದಿಲ್ಲ ಎಂದು ಅವನೇ ಹಿಂದೊಮ್ಮೆ ಅವಳಿಗೆ ತೋರಿಸಿದ್ದ. ಅವಳು ಸಾಲಿನ ಕೊನೆಯದನ್ನು ಮುಟ್ಟಿದಳು. ಅದರ ಕೆಳಗೆ ತಮಿಳಿನಲ್ಲಿ ಚಿಕ್ಕದಾಗಿ ಏನೋ ಹೆಸರಿತ್ತು.

ಸುಧಾ ಓದಿದ್ದು ಕನ್ನಡ ಶಾಲೆಯಲ್ಲಿ. ಊರು ತಮಿಳುನಾಡಿಗೆ ಸೇರಿದ್ದು, ರಾಮು ಶಾಲೆಗೆ ಸೇರುವ ಹೊತ್ತಿಗೆ ತಮಿಳು ಕಡ್ಡಾಯವಾಗಿತ್ತು. ಒಂದೇ ಮನೆ, ಒಂದೇ ಮಾತು, ಬರೆಯುವ ಅಕ್ಷರ ಮಾತ್ರ ಅಕ್ಕನಿಗೊಂದು ತಮ್ಮನಿಗೊಂದು. ತಮಿಳು ಮಾತಾಡಲು ಅವಳಿಗೆ ಚೆನ್ನಾಗಿ ಬರುತ್ತದೆ, ಬಸ್ಸಿನ ಬೋರ್ಡನ್ನು ಆಕಾರ ನೋಡಿ ಗುರುತು ಹಿಡಿಯುತ್ತಾಳೆ. ಕೂಡಿಸಿಕೊಂಡು ಓದಿದ್ದರೆ ಆ ಹೆಸರನ್ನೂ ಓದಬಹುದಿತ್ತು. ಕೋಪ ಬಂದಾಗ ಕನ್ನಡವನ್ನೂ ಓದುವ ಹೆಂಗಸಲ್ಲ ಅವಳು. ಗುಂಡಿ ಒತ್ತಿದಳು. ಖಂಡಿತವೇ ಎಂದು ಅದು ಕೇಳಿತು. ಖಂಡಿತ ಎಂದು ಮತ್ತೊಮ್ಮೆ ಒತ್ತಿದಳು. ಒಂದೇ ಒಂದು ಸಲ ಇವನು ಅಳಬೇಕು, ಅಷ್ಟೇ ಅವಳಿಗೆ ಬೇಕಿದ್ದುದು.

ಕರು ಹೊಡೆದುಕೊಂಡು ಬಂದ ರಾಮು ಫೋನ್ ನೋಡಿದ. ಮುಖ ಕಪ್ಪಿಟ್ಟಿತು. "ಅಕ್ಕಾ, ಕೊನೇದನ್ನ ಬಿಟ್ಟಾ?"

"ಹೂಂ ಕಣ್ಲಾ, ಬಿಟ್ಟೆ! ಅಲ್ಲಿ ಅವ್ವ ಬಿದ್ದವ್ಳೆ, ನಿಂಗಿಲ್ಲಿ ಆಟ!"

ಅವನು ಫೋನನ್ನು ಜೇಬಿಗೆ ಹಾಕಿಕೊಂಡು, "ಹೋಗ್ಲಿ ಬಿಡು" ಎಂದು ಕೆಳಗೆ ಓಡಿದ. ತಾಯಿಯನ್ನು ಬೆನ್ನ ಮೇಲೆ ಹೊತ್ತು ಒಳಗೆ ತಂದು, ಎಣ್ಣೆ ಕಾಯಿಸಿ ಕಾಲು ನೀವಿದ. ಮರುದಿನ ಬೆಳಿಗ್ಗೆ ಗಾಡಿ ತೆಗೆದ. "ಮುರಳಿ ತಾವ ವಸಿ ಕೆಲ್ಸ ಐತೆ, ಹೊಸೂರ್ಗೋಗಿ ಬತ್ತೀನಿ. ಅಕ್ಕಾ, ಬತ್ತೀನಿ!" ಅಂಗಳ ಗುಡಿಸುತ್ತಿದ್ದ ಸುಧಾ ಕೇಳಿಸದವಳ ಹಾಗೆ ಕಸಬರಿಕೆ ಜೋರು ಮಾಡಿದಳು. ಮತ್ತಿಗಿರಿಯ ಹತ್ತಿರ ಕೋಸು ತುಂಬಿದ ಲಾರಿಯೊಂದು ಅವನನ್ನು ಒರಸಿಕೊಂಡು ಹೋಯಿತು. ಸ್ಟೇಷನ್ನಿನವರು ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಟ್ಟರು. ಗಾಜು ಸೀಳಿತ್ತು, ಆದರೆ ಹತ್ತುತ್ತಿತ್ತು.

ಇದನ್ನು ಸುಧಾ ಯಾರಿಗೂ ಹೇಳಿರಲಿಲ್ಲ. ಹೆಣದ ಮುಂದೆ ಗೋವಿಂದಮ್ಮ ಬಂದವರನ್ನೆಲ್ಲ ಒಂದೇ ಮಾತು ಕೇಳುತ್ತಿದ್ದಳು: "ಅವತ್ತು ಯಾಕೋದ? ಅಂಥಾ ಅರ್ಜೆಂಟು ಏನಿತ್ತು?" ಆ ಪ್ರಶ್ನೆ ಬಂದಾಗಲೆಲ್ಲ ಸುಧಾ ಒಳಗೆ ಹೋಗಿ ಏನಾದರೊಂದು ಪಾತ್ರೆ ತೊಳೆಯುತ್ತಿದ್ದಳು.

ಮುರಳಿಕೃಷ್ಣ ಭಾನುವಾರಗಳಲ್ಲಿ ತಳಿಯ ಬಸ್ಸು ಹಿಡಿದು ಬರತೊಡಗಿದ. ಮೊದಲನೆಯ ಭಾನುವಾರ ಬಂಡೆಯ ಮೇಲೆ ಕೂತು, ಗೋವಿಂದಮ್ಮನನ್ನೂ ಕೂರಿಸಿಕೊಂಡು, ಉಳಿದ ಐದರ ಹೆಸರನ್ನು ಓದಿ ಹೇಳಿದ. ತಮಿಳು ಅಕ್ಷರ, ಕನ್ನಡದ ಹೆಸರು. ಬಂಡೆಯ ಮೈಯ, ನಿಂತಲ್ಲಿಂದ ಕದಲದ, ಎಷ್ಟು ಹೊಡೆದರೂ ತಡೆಯುವ ಪ್ರಾಣಿ ಅಪ್ಪ. ಜೊತೆಯವರ ಗಾಯವನ್ನು ಮಾಯಿಸುತ್ತ ಇರುವ ಬಿಳಿಯ ಪ್ರಾಣಿ ಅವ್ವ. ವಿಷ ಕಾರುವ ಹಲ್ಲಿಯಂಥದ್ದು, ತೀರಿಹೋದ ಅಜ್ಜಿ ಚಿನ್ನಮ್ಮ. ಬಾಣದಂತೆ ಓಡುವುದು ಮನೆಯ ಹಸು ಗೌರಿ. ಮಗ ಸತ್ತ ಮೇಲೆ ತಾಯಿ ಮೊದಲ ಸಲ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. "ನಮ್ಮತ್ತೆಗೆ ವಿಸ ಅಂತೆ! ಸರ್ಯಾಗೇ ಇಟ್ಟವ್ನೆ."

"ಇದು ನೀವು," ಎಂದು ಮುರಳಿ ಸುಧಾಳಿಗೆ ಐದನೆಯದನ್ನು ತೋರಿಸಿದ. ಕೆಂಪು ಕೇಸರದ, ಬಾಯಿಂದ ಹೊಗೆ ಬಿಡುವ ಪ್ರಾಣಿ. ಕೆಳಗೆ ಅಕ್ಕ ಎಂದಿತ್ತು.

ಸುಧಾ ತನ್ನ ಮುಖವನ್ನು ಗಾಜಿನ ಸೀಳಿನಲ್ಲಿ ನೋಡಿದಳೇ ಹೊರತು ಪ್ರಾಣಿಯನ್ನು ನೋಡಲಿಲ್ಲ.

"ಟೀಮ್‌ನಲ್ಲಿ ಇಷ್ಟು ಜೋರಾಗಿ ಹೊಡೆಯೋದು ಬೇರೆ ಇಲ್ಲ ಅಕ್ಕಾ. ಆದ್ರೆ ಒಂದು ತೊಂದ್ರೆ. ಕಾಳಗದಲ್ಲಿ ನಮ್ಮವು ಎರಡೆರಡು ಒಟ್ಟಿಗೆ ನಿಲ್ತವೆ. ಇದು ಬೆಂಕಿ ಉಗುಳಿದ್ರೆ ಎದುರಿಗಿರೋ ಎರಡೂ ಸುಡ್ತವೆ, ಪಕ್ಕದಲ್ಲಿ ನಿಂತಿರೋ ನಮ್ಮದೂ ಸುಡ್ತದೆ. ಅದಕ್ಕೇ ಆರನೇದು ಇದ್ದಿದ್ದು. ಅದು ಬೆಂಕಿ ಕುಡಿಯೋ ಜಾತಿ. ಬೆಂಕಿ ಬಿದ್ದಷ್ಟೂ ಅದಕ್ಕೆ ಬಲ ಬರ್ತಿತ್ತು. ಅಕ್ಕನ ಪಕ್ಕಕ್ಕೆ ಅವನು ಅದನ್ನ ಬಿಟ್ಟು ಬೇರೆ ಯಾವುದನ್ನೂ ನಿಲ್ಲಿಸ್ತಾ ಇರಲಿಲ್ಲ."

"ಅದ್ರ ಹೆಸ್ರೇನು?" ಅಂದಳು ಸುಧಾ.

ಮುರಳಿ ತನ್ನ ಫೋನಿನಲ್ಲಿ ಹಳೆಯ ಪಂದ್ಯವೊಂದನ್ನು ಹುಡುಕಿ ತೆಗೆದ. ಬೂದು ಬಣ್ಣದ, ಗಿಡ್ಡ ಕಾಲಿನ, ನೋಡಲು ಏನೇನೂ ಚೆಂದವಿಲ್ಲದ ಪ್ರಾಣಿ. "ರಾಮು," ಎಂದು ಓದಿದ.

ಗೋವಿಂದಮ್ಮ ಆ ಬೂದು ಪ್ರಾಣಿಯ ಕಡೆ ಬಾಗಿ ಕೇಳಿದಳು. "ಅದು ಹೆಂಗೋಯ್ತಪ್ಪ ಹಂಗಾದ್ರೆ?"

"ಅವನೇ ಕೈತಪ್ಪಿ ಕಾಡಿಗೆ ಬಿಟ್ಬಿಟ್ಟನಂತೆ ಅಮ್ಮಾ. ಹಿಂದಿನ ರಾತ್ರಿ ಫೋನ್ ಮಾಡಿ ಹೇಳಿದ. ನಂದೇ ತಪ್ಪು, ನೋಡದೆ ಒತ್ತಿಬಿಟ್ಟೆ ಅಂದ. ಯಾರ ಹತ್ರನಾದ್ರೂ ಇನ್ನೊಂದು ಸಿಗ್ತದಾ ನೋಡೋಣ ಬತ್ತೀನಿ ಅಂತ ಹೊರಟಿದ್ದು."

ಕೈತಪ್ಪಿ. ತಮ್ಮ ಹೀಗೆ ತನ್ನ ತಪ್ಪು ಹೊರುವುದು ಸುಧಾಳಿಗೆ ಹೊಸದಾಗಿರಲಿಲ್ಲ. ನಾಲ್ಕು ವರ್ಷದ ಕೆಳಗೆ, ಅಂಚೆಟ್ಟಿ ಕಡೆಯ ಗಂಡನ ಮನೆಯಲ್ಲಿ ಅತ್ತೆಯ ಮೇಲೆ ಪಾತ್ರೆ ಎಸೆದು ಅವಳು ಹೊರಟು ನಿಂತಾಗ, ಬೆಟ್ಟದ ದಾರಿಯಲ್ಲಿ ಎರಡು ಗಂಟೆ ನಡೆದು ಬಂದು ಕರೆದುಕೊಂಡು ಹೋದವನು ಅವನೇ. ಊರಿನವರು ಕೇಳಿದರೆ, "ಅವ್ವಂಗೆ ಕೈಲಾಗಾಕಿಲ್ಲ ಅಂತ ನಾನೇ ಕರ್ಕಂಬಂದೆ" ಎಂದಿದ್ದ. ಇಂದಿನವರೆಗೂ ಊರು ಅದನ್ನೇ ನಂಬಿತ್ತು. ಈಗ ಹೇಳಬೇಕು, ಇಲ್ಲೇ, ಈ ಬಂಡೆಯ ಮೇಲೆಯೇ ಹೇಳಬೇಕು ಎಂದು ಅವಳು ತಾಯಿಯ ಕಡೆ ತಿರುಗಿದಳು. ಗೋವಿಂದಮ್ಮ ಗಾಜಿನ ಮೇಲೆ ಬಿಳಿಯ ಪ್ರಾಣಿಯನ್ನು ಬೆರಳಿನಿಂದ ಸವರುತ್ತಿದ್ದಳು. ಹೇಳಲಾಗಲಿಲ್ಲ.

ಮಾತು ಕೊಟ್ಟಾಗಿತ್ತು, ಆರನೆಯದನ್ನು ಹುಡುಕಬೇಕು. ಬೆಂಕಿ ಕುಡಿಯುವ ಆ ಜಾತಿ ಮೂರು ವರ್ಷದ ಹಿಂದೆ ಒಂದೇ ಒಂದು ವಾರ ಆಟದಲ್ಲಿ ಸಿಕ್ಕಿದ್ದಂತೆ. ಮುರಳಿ ಕೃಷ್ಣಗಿರಿ, ಧರ್ಮಪುರಿಯ ಆಟಗಾರರನ್ನೆಲ್ಲ ಕೇಳಿ ನೋಡಿದ. ಇದ್ದವರು ಕೊಡಲಿಲ್ಲ. ಸುಧಾ ಮೊದಲು ಸಿಕ್ಕಿದ್ದರಲ್ಲೆಲ್ಲ ಜೋರಾದ ಒಂದು ಹುಲಿಯಂಥದ್ದನ್ನು ತಂದು ಆ ಜಾಗಕ್ಕೆ ಹಾಕಿದಳು. ಅವಳ ಸ್ವಭಾವಕ್ಕೆ ಅದು ಸರಿಯೇ. ಹನ್ನೊಂದು ಪಂದ್ಯ ಸಾಲಾಗಿ ಸೋತಳು.

"ಎಲ್ಲಾ ಹೊಡಿಯೋರೇ ಆದ್ರೆ ತಡ್ಕೊಳ್ಳೋರು ಯಾರಕ್ಕಾ?" ಎಂದು ಮುರಳಿ ತಲೆ ಚಚ್ಚಿಕೊಂಡ. "ನೀರಿನದಕ್ಕೆ ಬೆಂಕಿಯದು ಸೋಲ್ತದೆ, ಎಲೆಯದಕ್ಕೆ ನೀರಿನದು ಸೋಲ್ತದೆ, ಬೆಂಕಿಗೆ ಎಲೆ ಸುಟ್ಟುಹೋಗ್ತದೆ. ಎಲ್ಲದನ್ನೂ ಗೆಲ್ಲೋದು ಅಂತ ಒಂದಿಲ್ಲ. ಒಂದರ ಕೊರತೆನ ಇನ್ನೊಂದು ಮುಚ್ಚಬೇಕು. ಬ್ಯಾಲೆನ್ಸ್ ಬೇಕು."

ಬಂಡೆಯ ಕೆಳಗೆ ಹುಲ್ಲು ಕೊಯ್ಯುತ್ತಿದ್ದ ದೊಡ್ಡಣ್ಣ ತಲೆಯೆತ್ತಿದ. ಮಗ ಹೋದ ಮೇಲೆ ಅವನು ದಿನಕ್ಕೆ ನಾಲ್ಕು ಮಾತಿಗಿಂತ ಹೆಚ್ಚು ಆಡುತ್ತಿರಲಿಲ್ಲ. "ಅಕ್ಕಡಿ ಸಾಲು ಇದ್ದಂಗೆ ಅನ್ನು. ಬರೀ ರಾಗಿ ಬಿತ್ತಿದ್ರೆ ಒಂದೇ ಹುಳ ಬಂದು ಎಲ್ಲಾನೂ ಮುಗಿಸ್ಬುಡ್ತದೆ. ಅದ್ಕೇ ಮಧ್ಯ ಮಧ್ಯ ಅವರೆ, ಹುಚ್ಚೆಳ್ಳು, ಜೋಳ ಹಾಕಾದು. ಒಂದೋದ್ರೆ ಇನ್ನೊಂದು ಕೈ ಹಿಡೀತದೆ." ಅಷ್ಟು ಹೇಳಿ ಮತ್ತೆ ಕುಡುಗೋಲು ಹಿಡಿದ.

ಸುಧಾಳಿಗೆ ಆಟ ಅಂದು ಅರ್ಥವಾಯಿತು. ಹುಲಿಯನ್ನು ತೆಗೆದು, ಒಂದು ನೀರಾಮೆಯನ್ನು ಹಿಡಿದು ಸಾಕಿದಳು. ಅದು ಬೆಂಕಿ ಕುಡಿಯುವುದಿಲ್ಲ, ಅರ್ಧ ಸುಟ್ಟುಕೊಂಡು ನಿಲ್ಲುತ್ತದೆ. ಎರಡನೇ ಬೆಂಕಿಗೆ ಬೀಳುತ್ತದೆ. ಅದಕ್ಕೆ ಅವಳು ಹೆಸರಿಡಲಿಲ್ಲ. ಹೂವಿನ ಶೆಡ್ಡಿನಲ್ಲಿ ಗುಲಾಬಿ ಕಟ್ಟು ಕಟ್ಟಿ ಬಂದವಳೇ ಬಂಡೆ ಹತ್ತುವಳು. ದೊಡ್ಡಣ್ಣನ ಮಗಳಿಗೂ ಹಿಡಿಯಿತು ಎಂದು ಊರು ಆಡಿಕೊಂಡಿತು. ಊರಿಗೇನು, ತಮ್ಮ ಆಡಿದರೂ ಆಡಿಕೊಂಡಿತ್ತು. ಯಾವುದನ್ನು ಯಾವಾಗ ಹಿಂದಕ್ಕೆ ಕರೆಯಬೇಕು, ಎದುರಿನವನು ಏನನ್ನು ಕಾದಿಟ್ಟಿದ್ದಾನೆ ಎಂದು ಊಹಿಸುವುದು ಹೇಗೆ, ಎಲ್ಲವನ್ನೂ ಕಲಿತಳು. ಅಕ್ಕನನ್ನು ಮಾತ್ರ ಆದಷ್ಟು ಹಿಂದೆಯೇ ಇಟ್ಟುಕೊಂಡು ಆಡಿದಳು. ಗೋವಿಂದಮ್ಮ ಮಗಳ ಹೆಗಲ ಮೇಲೆ ಕೈಯಿಟ್ಟು ಕುಂಟುತ್ತ ಬಂಡೆಯ ಬುಡದವರೆಗೂ ಬಂದು ಕೂರುತ್ತಿದ್ದಳು. ಕಾಲು ಸರಿಹೋಗಲೇ ಇಲ್ಲ. ಆ ಮೂರು ತಿಂಗಳು ಮಗಳ ಹೆಗಲಿಲ್ಲದೆ ಅವಳು ಹೊಸಿಲು ದಾಟಿದ್ದಿಲ್ಲ. ಆ ಕೈಯ ಭಾರ ಸುಧಾಳಿಗೆ ಹಿತವಾಗಿತ್ತು, ಅದೇ ಅವಳಿಗೆ ಹಿಂಸೆಯೂ ಆಗಿತ್ತು.

ಪಂದ್ಯ ನಡೆದದ್ದು ಹೊಸೂರಿನ ಒಂದು ಮದುವೆ ಛತ್ರದ ಮಹಡಿಯಲ್ಲಿ. ಅರವತ್ತು ಹುಡುಗರು, ಎಂಟು ಹತ್ತು ಹುಡುಗಿಯರು. ಅವರ ನಡುವೆ ಸೀರೆಯುಟ್ಟು ಒಡೆದ ಫೋನ್ ಹಿಡಿದ ಮೂವತ್ತರ ಹೆಂಗಸು. ಕುರ್ಚಿಯ ಸಾಲಿನಲ್ಲಿ ಬುತ್ತಿಯ ಚೀಲ ತೊಡೆಯ ಮೇಲಿಟ್ಟುಕೊಂಡ ತಾಯಿ. ಕಾಳಗವನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸುತ್ತಿದ್ದರು. ಮುರಳಿ ಪಕ್ಕದಲ್ಲಿ ಕೂತು, ಯಾರು ಬಂದರು ಯಾರು ಬಿದ್ದರು ಎಂದು ಗೋವಿಂದಮ್ಮನಿಗೆ ಹೇಳುತ್ತಿದ್ದ. ಅವನು ತನ್ನ ಮೊದಲ ಪಂದ್ಯವನ್ನೇ ಸೋತು ನಿಶ್ಚಿಂತನಾಗಿದ್ದ.

ಸುಧಾ ಎರಡು ಪಂದ್ಯ ಗೆದ್ದಳು. ಮೂರನೆಯದರಲ್ಲಿ ಎದುರಿಗೆ ಬಂದವಳು ಶ್ರೀಲಕ್ಷ್ಮಿ ಎಂಬ ಕೃಷ್ಣಗಿರಿಯ ಕಾಲೇಜು ಹುಡುಗಿ. ಅವಳ ತಂಡದಲ್ಲಿ ಒಂದು ಬಿರುಕೂ ಇರಲಿಲ್ಲ. ಚಿನ್ನಮ್ಮ ಬಿದ್ದಳು, ಗೌರಿ ಬಿದ್ದಳು, ಬಂಡೆಯಂಥ ಅಪ್ಪ ನೀರಿಗೆ ಕರಗಿದ, ನೀರಾಮೆ ಎರಡೇ ಏಟಿಗೆ ಮಗುಚಿತು. ಕೊನೆಗೆ ಸುಧಾಳ ಕಡೆ ಉಳಿದದ್ದು ಎರಡು, ಅಕ್ಕ ಮತ್ತು ಅವ್ವ. ಎದುರಿಗೂ ಎರಡು, ಎರಡಕ್ಕೂ ಜೀವ ಅರ್ಧದಷ್ಟಿತ್ತು. ಒಂದು ಬೆಂಕಿ ಸಾಕು. ಎದುರಿನವೆರಡೂ ಬಿದ್ದು ಪಂದ್ಯ ಮುಗಿಯುತ್ತದೆ. ಪಕ್ಕದ ಅವ್ವನೂ ಬೀಳುತ್ತಾಳೆ, ಆದರೂ ಗೆಲುವು ಗೆಲುವೇ. ನಿಯಮದಲ್ಲಿ ಅದಕ್ಕೇನೂ ಅಡ್ಡಿಯಿಲ್ಲ.

ಆರಿಸಲು ನಲವತ್ತೈದು ಸೆಕೆಂಡು. ಮುರಳಿ ಕುರ್ಚಿಯ ತುದಿಗೆ ಬಂದ. ಸುಧಾ ಗಾಜಿನ ಸೀಳಿನ ಆಚೆ ಬಿಳಿಯ ಪ್ರಾಣಿಯನ್ನು ನೋಡಿದಳು. ಅದು ತಲೆ ಅಲ್ಲಾಡಿಸುತ್ತ ಅಕ್ಕನಿಗೆ ಅಂಟಿಕೊಂಡು ನಿಂತಿತ್ತು. ಬೆರಳು ಬೆಂಕಿಯ ಮೇಲೆ ಹೋಗಲಿಲ್ಲ. ಅವಳು ಸಾಧಾರಣವಾದ ಒಂದು ಉಗುರೇಟನ್ನು ಆರಿಸಿದಳು. ಎದುರಿನದು ಅದನ್ನು ಕೊಡವಿಕೊಂಡು ಅಕ್ಕನನ್ನು ಕೆಡವಿತು. ಅವ್ವನಿಗೆ ಹೊಡೆಯಲು ಬಾರದು, ಮಾಯಿಸಲು ಮಾತ್ರ ಬರುತ್ತದೆ. ಮುಂದಿನದು ನಿಮಿಷದಲ್ಲಿ ಮುಗಿಯಿತು.

"ಬೆಂಕಿ ಐತಂತಲ್ಲ, ಯಾಕೆ ಬುಡ್ಲಿಲ್ಲ?" ಎಂದು ಗೋವಿಂದಮ್ಮ ಮೆಟ್ಟಿಲಿಳಿಯುವಾಗ ಕೇಳಿದಳು.

"ಪಕ್ಕದಲ್ಲಿ ನೀನಿದ್ದೆ" ಅಂದಳು ಸುಧಾ.

ಗೋವಿಂದಮ್ಮ ನಕ್ಕು ಮಗಳ ಕೆನ್ನೆ ಸವರಿದಳು. ಮೂರು ತಿಂಗಳ ನಂತರ ಅವಳ ಮುಖ ತಿಳಿಯಾಗಿತ್ತು. ಸೋತರೇನು, ಆಡುತ್ತಾಳೆ ಎಂದು ಕೊಟ್ಟ ಮಾತು ನಡೆದಿತ್ತು. ಮುರಳಿ ಅವರನ್ನು ನಾಲ್ಕೂವರೆಯ ತಳಿ ಬಸ್ಸಿಗೆ ಹತ್ತಿಸಿ, ಕಿಟಕಿಯ ಬಳಿ ನಿಂತು, "ಮುಂದಿನ ವರ್ಷಾನೂ ಆಡಬೇಕು ಅಕ್ಕಾ" ಎಂದು ಹೇಳಿ ಹೋದ. ಕಥೆ ಇಲ್ಲಿಗೆ ನಿಂತಿದ್ದರೆ ಎಲ್ಲರಿಗೂ ಒಳ್ಳೆಯದಿತ್ತು.

ಬಸ್ಸು ಮತ್ತಿಗಿರಿಗೆ ಬಂತು. ಬೆಳಿಗ್ಗೆ ಹೋಗುವಾಗ ರಾಮು ಬಿದ್ದ ಆ ಜಾಗದಲ್ಲಿ ಗೋವಿಂದಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ಈಗ ತೆರೆದುಕೊಂಡೇ ಹೊರಗೆ ನೋಡಿದಳು. ಲಾರಿಗಳು ಸಾಲಾಗಿ ನಿಂತಿದ್ದವು, ಯಾರೋ ಎಳನೀರು ಕೊಚ್ಚುತ್ತಿದ್ದರು.

"ಇನ್ನವ್ನು ತಣ್ಗಿರ್ತಾನೆ," ಅಂದಳು. ಮಗಳ ತೋಳಿಗೆ ತಲೆ ಆನಿಸಿದಳು. "ಆದ್ರೂ ನನ್ ಹೊಟ್ಟೆ ಉರಿ ಆರಾಕಿಲ್ಲ ಸುಧಾ. ಕೈತಪ್ಪಿ ಒತ್ತಿದ್ನಂತೆ. ನೋಡ್ದೆ ಒತ್ತಿದ್ನಂತೆ. ಆ ಹಾಳು ಗುಂಡಿ ಒತ್ದೆ ಇದ್ದಿದ್ರೆ ಅವತ್ತು ಹೊರಡ್ತಾನೇ ಇರ್ಲಿಲ್ಲ. ತನ್ ಕೈಯಾರೆ ತಾನೇ ಮಾಡ್ಕಂಡ, ಪಾಪಿ. ನಮ್ಮನ್ನ ಹಿಂಗೆ ಮಾಡ್ಬುಟ್ಟೋದ. ನೆನುಸ್ಕಂಡ್ರೆ ಅವ್ನ್ ಮ್ಯಾಲೇ ಕ್ವಾಪ ಬತ್ತದೆ, ಸತ್ತೋನ್ ಮ್ಯಾಲೆ."

ಸುಧಾ ಇದನ್ನು ನಿರೀಕ್ಷಿಸಿರಲಿಲ್ಲ. ತಾಯಿ ತನ್ನನ್ನು ಶಪಿಸುವ ದಿನವನ್ನು ಎಷ್ಟೋ ಸಲ ಮನಸ್ಸಿನಲ್ಲಿ ಕಂಡಿದ್ದಳು. ತಾಯಿ ಅವನನ್ನು ಪಾಪಿ ಎನ್ನುವುದನ್ನು ಕಂಡಿರಲಿಲ್ಲ. ಗಂಡನ ಮನೆಯದು ಅವನೇ ಹೊತ್ತ, ಗುಂಡಿ ಒತ್ತಿದ್ದು ಅವನೇ ಹೊತ್ತ, ಈಗ ಸತ್ತ ಮೇಲೆ ಹೆತ್ತವಳ ಕೋಪವನ್ನೂ ಅವನೇ ಹೊರಬೇಕೇ? ಸುಮ್ಮನಿದ್ದರೆ ಹೊರುತ್ತಾನೆ. ತಾಯಿಯೂ ತಣ್ಣಗಿರುತ್ತಾಳೆ, ಹೆಗಲ ಮೇಲಿನ ಕೈಯೂ ಅಲ್ಲೇ ಇರುತ್ತದೆ. ಬೆರಳನ್ನು ಇನ್ನೊಂದು ಕಡೆ ಇಟ್ಟರಾಯಿತು, ಛತ್ರದಲ್ಲಿ ಇಟ್ಟ ಹಾಗೆ. ಅವಳಿಂದ ಆಗಲಿಲ್ಲ.

"ಅವ್ನು ಒತ್ಲಿಲ್ಲ ಅವ್ವಾ," ಅಂದಳು. "ನಾನು ಒತ್ತಿದ್ದು."

ಗೋವಿಂದಮ್ಮ ತಲೆಯೆತ್ತಲಿಲ್ಲ.

"ನೀನು ಬಿದ್ದ ದಿನ. ಕೂಗಿದ್ರೆ ಬರ್ಲಿಲ್ಲ ಅಂತ ಕ್ವಾಪ ಬಂತು. ಬೇಕು ಅಂತ್ಲೇ ಒತ್ದೆ. ಅವ್ನು ಅಳ್ಲಿ ಅಂತ ಒತ್ದೆ. ನನ್ ಹೆಸ್ರು ಬರ್ಬಾರ್ದು ಅಂತ ಅವ್ನು ಸುಳ್ಳೇಳಿದ. ಬೆಳಿಗ್ಗೆ ಬತ್ತೀನಿ ಅಕ್ಕಾ ಅಂದ, ನಾನು ಮಾತಾಡ್ಸ್ಲಿಲ್ಲ."

ಬಸ್ಸು ಎರಡು ಸ್ಟಾಪು ದಾಟಿತು. ಆಮೇಲೆ ಮಗಳ ತೋಳಿನ ಮೇಲಿದ್ದ ತಲೆ ನಿಧಾನವಾಗಿ ಎದ್ದಿತು. ಗೋವಿಂದಮ್ಮ ಬುತ್ತಿಯ ಚೀಲವನ್ನು ಎತ್ತಿ ಇಬ್ಬರ ನಡುವೆ ಸೀಟಿನ ಮೇಲೆ ಇಟ್ಟಳು. ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಸುಧಾ ಬದುಕಿಕೊಳ್ಳುತ್ತಿದ್ದಳು.

ತಳಿ ಹತ್ತಿರವಾದಾಗ ಗೋವಿಂದಮ್ಮ ಕೈ ಚಾಚಿದಳು. "ಫೋನ್ ಕೊಡು."

ಸುಧಾ ಆಟ ತೆರೆದು ಕೊಟ್ಟಳು. ತಾಯಿ ಸಾಲಿನ ಕೊನೆಗೆ ಬೆರಳಿಟ್ಟಳು. ಅಲ್ಲಿ ಹೆಸರಿಲ್ಲದ ನೀರಾಮೆ ಇತ್ತು.

"ಇಲ್ಲೇನಾ ಅವ್ನಿದ್ದಿದ್ದು?"

"ಹೂಂ."

"ಕಾಡಿಗೆ ಬುಟ್ಟಿದ್ದು ತಿರ್ಗ ಬರಾಕಿಲ್ವಾ? ಕೂಗಿದ್ರೆ? ಏನಾರ ಇಟ್ರೆ?"

"ಇಲ್ಲ ಅವ್ವಾ. ಬರಾಕಿಲ್ಲ."

ಗೋವಿಂದಮ್ಮ ಫೋನನ್ನು ಸೆರಗಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಸ್ಸಿನಿಂದ ಇಳಿಯುವಾಗ ಸುಧಾ ಹೆಗಲು ಕೊಟ್ಟಳು. ತಾಯಿ ಬಾಗಿಲಿನ ಕಂಬಿ ಹಿಡಿದು ಒಬ್ಬಳೇ ಇಳಿದಳು. ಊರಿಗೆ ಅಲ್ಲಿಂದ ಒಂದೂವರೆ ಮೈಲಿ ಕಾಲುದಾರಿ. ಕಾಲನ್ನು ಎಳೆದುಕೊಂಡು, ಬೇಲಿಯ ಗೂಟಗಳನ್ನು ಒಂದೊಂದಾಗಿ ಹಿಡಿದುಕೊಳ್ಳುತ್ತ, ಅವಳು ಮುಂದೆ ಮುಂದೆ ನಡೆದಳು. ಒಂದು ಕಡೆ ಕಲ್ಲೆಡವಿ ಮುಗ್ಗರಿಸಿ, ತಾನೇ ಸರಿಮಾಡಿಕೊಂಡು ನಿಂತಳು.

ಸುಧಾ ಹತ್ತು ಹೆಜ್ಜೆ ಹಿಂದೆ ನಿಂತಳು. ತಾಯಿ ಮತ್ತೆ ಹೊರಟ ಮೇಲೆ ಹೊರಟಳು. ಮನೆ ಬರುವವರೆಗೂ ಅವಳು ಪಕ್ಕಕ್ಕೆ ಹೋಗಲಿಲ್ಲ.